ನಾಲ್ಕು ಬಾಗಿಲು, ಹನ್ನೆರಡು ದಾರಿ

ನಗರದ ದೊಡ್ಡ ಚೌಕವೊಂದರಲ್ಲಿ ಕೆಂಪು ದೀಪದೆದುರು ಕಾದು ನಿಂತವರೆಲ್ಲರಿಗೂ ಪರಿಚಿತವಾದ ಸೋಜಿಗವೊಂದುಂಟು. ಅಡ್ಡರಸ್ತೆಯ ಪಾಲಿಗೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಆದರೆ ಹಾಯ್ದುಹೋಗಬೇಕಾದ ಗಾಡಿಗಳು ಮುಗಿದು ಬಹಳ ಹೊತ್ತಾಗಿರುತ್ತದೆ; ಇತ್ತ ಬಲಕ್ಕೆ ತಿರುಗಬೇಕಾದವರ ಸಾಲು ಹಿಂದಿನ ಬಸ್ ನಿಲ್ದಾಣವನ್ನೂ ದಾಟಿ ಬೆಳೆದಿರುತ್ತದೆ; ಕಂಬದ ಮೇಲಿನ ಕ್ಯಾಮೆರಾ ಇದೆಲ್ಲವನ್ನೂ ಎವೆಯಿಕ್ಕದೆ ನೋಡುತ್ತಿರುತ್ತದೆ. ಹೆಲ್ಮೆಟ್ಟಿಲ್ಲದ ಸವಾರನನ್ನು ಅಷ್ಟು ಜನರ ನಡುವೆ ಗುರುತಿಸಿ ದಂಡದ ಸಂದೇಶವನ್ನು ಅವನ ಮೊಬೈಲಿಗೆ ಮುಟ್ಟಿಸಬಲ್ಲ ಯಂತ್ರಕ್ಕೆ, ಬಲಕ್ಕೆ ತಿರುಗುವವರೆಷ್ಟು, ನೇರವಾಗಿ ಸಾಗುವವರೆಷ್ಟು ಎಂಬ, ಬೆರಳು ಮಡಿಸಿ ಎಣಿಸಬಹುದೆಂದು ತೋರುವ ಲೆಕ್ಕವು ಏತಕ್ಕಾಗಿ ಕಠಿನವಾಯಿತು?

ತಲೆಯ ಮೇಲೆ ಹೆಲ್ಮೆಟ್ ಇಲ್ಲವೆಂಬುದು ಒಂದೇ ಚಿತ್ರದಲ್ಲಿ ಕಾಣಸಿಗುವ ಸಂಗತಿ. ತಿರುವಾದರೋ ಯಾವ ಒಂದು ಚಿತ್ರದಲ್ಲಿಯೂ ಇಲ್ಲ. ಚೌಕದ ನಡುವೆ ಓರೆಯಾಗಿ ನಿಂತ ಕಾರಿನ ಚಿತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ, ಅದು ದಕ್ಷಿಣದಿಂದ ಬಂದು ಪೂರ್ವಕ್ಕೆ ಹೊರಳುತ್ತಿದೆಯೋ ಅಥವಾ ಗುಂಡಿಯೊಂದನ್ನು ತಪ್ಪಿಸುವ ಸಲುವಾಗಿ ಕ್ಷಣಮಾತ್ರ ವಾಲಿದೆಯೋ ಹೇಳಬರುವುದಿಲ್ಲ. ಎಲ್ಲಿಂದ ಬಂತೆಂಬುದನ್ನು ನೆನಪಿಟ್ಟುಕೊಂಡು, ಎಲ್ಲಿ ಹೊರಬಿತ್ತೆಂಬುದನ್ನು ಕಂಡು, ಆ ಎರಡನ್ನೂ ಒಂದೇ ಗಾಡಿಯ ಹೆಸರಿನಲ್ಲಿ ಬರೆದಾಗ ಮಾತ್ರ ತಿರುವೆಂಬುದು ಲೆಕ್ಕಕ್ಕೆ ಸಿಕ್ಕುತ್ತದೆ. ಆ ನೆನಪನ್ನು ಯಂತ್ರವು ಹೇಗೆ ಸಂಪಾದಿಸುತ್ತದೆ, ಹೇಗೆ ಕಳೆದುಕೊಳ್ಳುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ಎಣಿಸಿಯೂ ತಿಳಿಯದ ಲೆಕ್ಕ

ಕಾರ್ಕಳದಲ್ಲಿ 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಗೆ ಹೆಸರಿಗೆ ತಕ್ಕಂತೆ ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲುಗಳಿವೆ. ಉತ್ಸವದ ದಿನ ಪ್ರತಿಯೊಂದು ಬಾಗಿಲಿಗೂ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸಿ, ಒಳಹೋದವರನ್ನೂ ಹೊರಬಂದವರನ್ನೂ ಎಣಿಸುವಂತೆ ಹೇಳಿದೆವೆಂದು ಭಾವಿಸೋಣ. ಸಂಜೆಯ ಹೊತ್ತಿಗೆ ನಾಲ್ವರೂ ಒಂದೇ ವರದಿಯನ್ನು ತಂದರು: ಒಳಗೆ ನೂರು ಮಂದಿ, ಹೊರಗೆ ನೂರು ಮಂದಿ. ಎಣಿಕೆಯಲ್ಲಿ ಕಿಂಚಿತ್ತೂ ದೋಷವಿಲ್ಲ. ಆದರೂ ದಕ್ಷಿಣದ ಬಾಗಿಲಿನಿಂದ ಹೊಕ್ಕವರು ಯಾವ ಬಾಗಿಲಿನಿಂದ ಹೊರಟರೆಂದು ಕೇಳಿದರೆ ನಾಲ್ವರೂ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ. ಎಲ್ಲರೂ ನೇರವಾಗಿ ಎದುರು ಬಾಗಿಲಿಗೆ ನಡೆದಿದ್ದರೂ ಲೆಕ್ಕ ಇದೇ. ಎಲ್ಲರೂ ಎಡಕ್ಕೆ ಹೊರಳಿದ್ದರೂ ಇದೇ. ಎಲ್ಲರೂ ಬಲಕ್ಕೆ ಹೊರಳಿದ್ದರೂ ಇದೇ.

ನಾಲ್ಕು ರಸ್ತೆಗಳು ಕೂಡುವ ಚೌಕದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ನಾಲ್ಕು ಪ್ರವೇಶಗಳು, ಪ್ರತಿ ಪ್ರವೇಶಕ್ಕೂ ಎಡ, ನೇರ, ಬಲವೆಂಬ ಮೂರು ನಿರ್ಗಮಗಳು. ಹೀಗೆ ಒಟ್ಟು 12 ಚಲನೆಗಳು. ಬಂದ ದಾರಿಗೇ ಮರಳುವ ಯು-ಟರ್ನನ್ನೂ ಸೇರಿಸಿದರೆ 16. ಬಾಗಿಲುಗಳ ಎಣಿಕೆಯಿಂದ ದೊರೆಯುವುದು ಎಂಟು ಮೊತ್ತಗಳು ಮಾತ್ರ. ಒಳಬಂದವರ ಒಟ್ಟು ಹೊರಹೋದವರ ಒಟ್ಟಿಗೆ ಸಮವಾಗಿರಲೇಬೇಕಾದುದರಿಂದ, ಏಳು ತಿಳಿದರೆ ಎಂಟನೆಯದು ತಾನಾಗಿ ತಿಳಿಯುತ್ತದೆ. ಅಂದರೆ ನಿಜವಾದ ಸುಳಿವುಗಳು ಏಳೇ. ಏಳು ಸುಳಿವುಗಳಿಂದ ಹನ್ನೆರಡು ಅಜ್ಞಾತಗಳನ್ನು ನಿಶ್ಚಯವಾಗಿ ಬಿಡಿಸಿಕೊಡುವ ಗಣಿತವಿಲ್ಲ. ಬಾಗಿಲಲ್ಲಿ ಇನ್ನೂ ನಿಷ್ಠೆಯಿಂದ, ಇನ್ನೂ ಸೂಕ್ಷ್ಮವಾಗಿ ಎಣಿಸಿದರೂ ಈ ಕೊರತೆ ತುಂಬದು.

ಬಸದಿಯಲ್ಲಾದರೆ ಉಪಾಯ ಸುಲಭ. ಒಳಬರುವ ಪ್ರತಿಯೊಬ್ಬರ ಕೈಗೂ ಬಾಗಿಲಿನ ಹೆಸರು ಕೆತ್ತಿದ ಬಿಲ್ಲೆಯೊಂದನ್ನಿತ್ತು, ಹೊರಹೋಗುವಾಗ ಅದನ್ನು ಹಿಂದಕ್ಕೆ ಪಡೆದರಾಯಿತು. ಪೂರ್ವದ ಬಾಗಿಲಲ್ಲಿ ಶೇಖರವಾದ ದಕ್ಷಿಣದ ಬಿಲ್ಲೆಗಳನ್ನು ಎಣಿಸಿದರೆ, ದಕ್ಷಿಣದಿಂದ ಪೂರ್ವಕ್ಕೆ ಹೊರಳಿದವರ ಸಂಖ್ಯೆ ಕೈಯಲ್ಲಿರುತ್ತದೆ. ಓಡುವ ಗಾಡಿಗಳಿಗೆ ಬಿಲ್ಲೆ ಕೊಡುವವರು ಯಾರು? ಕಾಣದ ಬಿಲ್ಲೆಯೊಂದನ್ನು ಗಾಡಿಗೆ ಅಂಟಿಸಿ, ಅದು ಹೊರಬೀಳುವವರೆಗೂ ಉದುರದಂತೆ ಕಾಯುವುದೇ ಕಂಪ್ಯೂಟರ್ ದೃಷ್ಟಿಯು ಇಲ್ಲಿ ವಹಿಸಿಕೊಂಡಿರುವ ಕೆಲಸ.

ತಿರುವಿನ ಲೆಕ್ಕ ಯಾರಿಗೆ ಬೇಕು

ಒಂದೇ ಮೊತ್ತವನ್ನು ಕೊಡುವ ಆ ಮೂರು ಸಾಧ್ಯತೆಗಳನ್ನು ಸಂಚಾರದ ಎಂಜಿನಿಯರನು ಮೂರು ಪ್ರತ್ಯೇಕ ಚೌಕಗಳೆಂದೇ ಪರಿಗಣಿಸಬೇಕಾಗುತ್ತದೆ. ರಸ್ತೆಯ ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ, ಎಲ್ಲರೂ ಎಡಕ್ಕೆ ಹೊರಳುವವರೇ ಆಗಿದ್ದರೆ ಯಾರ ದಾರಿಗೂ ಯಾರೂ ಅಡ್ಡ ಬಾರರು. ಸಿಗ್ನಲ್ ಕಂಬವೇ ಬೇಡ. ಎಲ್ಲರೂ ನೇರ ಸಾಗುವವರಾದರೆ ಎದುರುಬದುರಿನವರನ್ನು ಜೊತೆಯಾಗಿ ಬಿಟ್ಟು ಎರಡು ಸರದಿಗಳಲ್ಲಿ ಮುಗಿಸಬಹುದು. ನೇರ ಹೋಗುವವರೊಡನೆ ಬಲಕ್ಕೆ ತಿರುಗುವವರೂ ಬೆರೆತಾಗಲೇ ತೊಡಕು: ಬಲಕ್ಕೆ ಹೊರಳುವವನು ಎದುರಿನಿಂದ ನೇರವಾಗಿ ಬರುವವನ ದಾರಿಯನ್ನು ಕತ್ತರಿಸಿ ಹೋಗಬೇಕಾದುದರಿಂದ, ಅವನಿಗೊಂದು ಪ್ರತ್ಯೇಕ ಸರದಿಯನ್ನೂ, ಕಾದು ನಿಲ್ಲಲು ಪ್ರತ್ಯೇಕವಾದ ಸ್ಥಳವನ್ನೂ ಕೊಡಬೇಕೆ, ಕೊಟ್ಟರೆ ಎಷ್ಟು ಎಂಬುದು ಅಂಥವರ ಸಂಖ್ಯೆಯನ್ನು ಅವಲಂಬಿಸುತ್ತದೆ.

ಬ್ರಿಟನ್ನಿನ ರಸ್ತೆ ಸಂಶೋಧನಾಲಯದ ಎಫ್. ವಿ. ವೆಬ್‌ಸ್ಟರ್ 1958ರಲ್ಲಿ ಪ್ರಕಟಿಸಿದ, ಇಂದಿಗೂ ಎಂಜಿನಿಯರಿಂಗ್ ತರಗತಿಗಳಲ್ಲಿ ಬೋಧಿಸುತ್ತಿರುವ ವಿಧಾನದ ಸಾರವಿಷ್ಟೆ: ಪ್ರತಿಯೊಂದು ಸರದಿಯಲ್ಲಿ ಬಂದು ಸೇರುವ ಗಾಡಿಗಳ ಪ್ರಮಾಣಕ್ಕೂ, ಆ ದಾರಿಯು ತುಂಬಿ ಹರಿದಾಗ ಸಾಗಿಸಬಲ್ಲ ಪ್ರಮಾಣಕ್ಕೂ ಇರುವ ಅನುಪಾತವನ್ನು ಕಂಡು, ಹಸಿರಿನ ಹೊತ್ತನ್ನು ಆ ಅನುಪಾತಗಳಿಗೆ ತಕ್ಕಂತೆ ಹಂಚಬೇಕು. ಹಂಚುವ ಮುನ್ನ ಯಾವ ಚಲನೆಯಲ್ಲಿ ಎಷ್ಟು ಗಾಡಿಗಳೆಂದು ತಿಳಿಯಬೇಕು. ಈ ತಿಳಿವಳಿಕೆಯನ್ನು ನಾವು ತಿರುವೆಣಿಕೆ ಎಂದು ಕರೆಯೋಣ. ಮೇಲ್ಸೇತುವೆಯ ಭಾಗ್ಯವೂ ಇದನ್ನೇ ನಂಬಿಕೊಂಡಿದೆ. ಸಾಮಾನ್ಯವಾದ ಮೇಲ್ಸೇತುವೆಯೊಂದು ಎತ್ತಿ ದಾಟಿಸುವುದು ನೇರ ಸಾಗುವ ಪ್ರವಾಹವನ್ನು. ವಾಹನಸಂದಣಿಗೆ ಕಾರಣವಾದುದು ಬಲತಿರುವಾಗಿದ್ದ ಪಕ್ಷದಲ್ಲಿ, ಕೋಟಿಗಟ್ಟಲೆ ಹಣ ಸುರಿದ ಮೇಲೆಯೂ ಅಡಿಯಲ್ಲಿ ನಿಂತವರು ನಿಂತೇ ಇರುತ್ತಾರೆ.

ಗಾಡಿಗಳನ್ನು ಬರಿಯ ತಲೆಯೆಣಿಕೆಯಿಂದ ಲೆಕ್ಕಿಸಿದರೂ ಸಾಲದು. ನಗರದ ರಸ್ತೆಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಕಾರೊಂದನ್ನು 1 ಎಂದು ಹಿಡಿದು ಮಿಕ್ಕವುಗಳಿಗೆ ಬೆಲೆ ಕಟ್ಟಲಾಗಿದೆ: ದ್ವಿಚಕ್ರಿಗೆ 0.5ರಿಂದ 0.75, ಆಟೋರಿಕ್ಷಾಗೆ 1.2ರಿಂದ 2, ಬಸ್ಸು ಲಾರಿಗಳಿಗೆ 2.2ರಿಂದ 3.7, ಆಯಾ ಜಾತಿಯ ಗಾಡಿಗಳು ರಸ್ತೆಯಲ್ಲಿ ಹೆಚ್ಚಿದಷ್ಟೂ ಬೆಲೆ ಮೇಲಿನ ಅಂಕಿಯತ್ತ ಸರಿಯುತ್ತದೆ. ಆದುದರಿಂದ ಹನ್ನೆರಡು ಚಲನೆಗಳಲ್ಲಿ ಒಂದೊಂದನ್ನೂ ಜಾತಿವಾರು ಬಿಡಿಸಬೇಕು. ಏಳು ಜಾತಿಗಳೆಂದರೂ 84 ಮನೆಗಳ ಕೋಷ್ಟಕ; ಅದನ್ನು ಹದಿನೈದು ನಿಮಿಷಕ್ಕೊಮ್ಮೆ ಹೊಸದಾಗಿ ತುಂಬಬೇಕು.

ಪೆನ್ಸಿಲು, ಕೊಳವೆ, ತಂತಿ

ಬಹುಕಾಲ ಈ ಕೋಷ್ಟಕವನ್ನು ತುಂಬಿದವರು ಮನುಷ್ಯರು. ಚೌಕದ ಮೂಲೆಮೂಲೆಗಳಲ್ಲಿ ನಿಂತ ಎಣಿಕೆಗಾರರು, ತಮಗೆ ಒಪ್ಪಿಸಿದ ಒಂದೊಂದು ಚಲನೆಯನ್ನೇ ದೃಷ್ಟಿಸುತ್ತ, ನಾಲ್ಕು ಗೀಟುಗಳ ಮೇಲೆ ಐದನೆಯದನ್ನು ಅಡ್ಡ ಎಳೆದು ಗುರುತು ಹಾಕಿಕೊಳ್ಳುವರು. ತಿರುವನ್ನು ಕಾಣಲು ಮನುಷ್ಯನ ಕಣ್ಣಿಗೆ ಯಾವ ಉಪಕರಣವೂ ಬೇಡ; ಆದರೆ ಬಿಸಿಲೇರಿದಂತೆ ಕಣ್ಣು ಸೋಲುತ್ತದೆ, ದ್ವಿಚಕ್ರಿಗಳ ಹಿಂಡು ಒಮ್ಮೆಲೇ ನುಗ್ಗಿದಾಗ ಕೈ ಸೋಲುತ್ತದೆ. ಆ ಕಾರಣದಿಂದ ವರ್ಷದಲ್ಲಿ ಒಂದೆರಡು ದಿನದ ಎಣಿಕೆಯನ್ನೇ ವರ್ಷವಿಡೀ ನಂಬಬೇಕಾಗುತ್ತಿತ್ತು.

ಯಂತ್ರಗಳೂ ಇದ್ದವು. ರಸ್ತೆಗೆ ಅಡ್ಡಲಾಗಿ ಹಾಸಿದ ರಬ್ಬರ್ ಕೊಳವೆಯ ಮೇಲೆ ಚಕ್ರ ಹಾಯ್ದಾಗ ಗಾಳಿಯ ಒತ್ತಡ ಏರಿ ಒಂದು ಎಣಿಕೆ ಬೀಳುತ್ತದೆ. ಡಾಂಬರಿನಡಿ ಹುದುಗಿಸಿದ ತಂತಿಯ ಸುರುಳಿಯ ಮೇಲೆ ಲೋಹದ ಗಾಡಿ ಬಂದಾಗ ಅದರ ವಿದ್ಯುತ್ ಗುಣ ಬದಲಾಗಿ ಗಾಡಿಯ ಇರವು ತಿಳಿಯುತ್ತದೆ. ಆದರೆ ಇವೆರಡೂ ಬಾಗಿಲಲ್ಲಿ ನಿಂತ ಕಾವಲುಗಾರರೇ. ಅಲ್ಲದೆ, ಪಟ್ಟಿಗಳನ್ನು ಲೆಕ್ಕಿಸದೆ ಸಂದು ಸಿಕ್ಕಲ್ಲಿ ಮೂರು ಸ್ಕೂಟರುಗಳು ಒಟ್ಟೊಟ್ಟಿಗೆ ನುಸುಳುವ ನಮ್ಮ ರಸ್ತೆಗಳಲ್ಲಿ, ಸುರುಳಿಯು ಆ ಮೂರನ್ನೂ ಒಂದೆಂದು ಬಗೆದರೆ ಅದರ ಅಪರಾಧವೇನೂ ಇಲ್ಲ.

ಬಿಡಿಚಿತ್ರದಲ್ಲಿ ಗಾಡಿಯನ್ನು ಕಾಣುವುದು

ಕ್ಯಾಮೆರಾ ಸೆಕೆಂಡಿಗೆ ಸುಮಾರು 25 ಬಿಡಿಚಿತ್ರಗಳನ್ನು ಒಪ್ಪಿಸುತ್ತದೆ. ಸಾಮಾನ್ಯ ಕ್ಯಾಮೆರಾದ ಒಂದೊಂದು ಬಿಡಿಚಿತ್ರವೂ 1920 ಬಿಂದು ಅಗಲ, 1080 ಬಿಂದು ಎತ್ತರದ, ಒಟ್ಟು ಇಪ್ಪತ್ತು ಲಕ್ಷಕ್ಕೂ ಮೀರಿದ ಬಣ್ಣದ ಬಿಂದುಗಳ ಹಾಸು. ಯಂತ್ರದ ಪಾಲಿಗೆ ಅದು ಕೇವಲ ಸಂಖ್ಯೆಗಳ ರಾಶಿ. ಹಿಂದಿನವರು, ಖಾಲಿ ರಸ್ತೆಯ ಚಿತ್ರವನ್ನು ಮೊದಲೇ ನೆನಪಿಟ್ಟುಕೊಂಡು, ಅದಕ್ಕಿಂತ ಭಿನ್ನವಾಗಿ ಕಂಡುದನ್ನೆಲ್ಲ ಗಾಡಿಯೆಂದು ಭಾವಿಸುವ ಉಪಾಯವನ್ನು ಹೂಡಿದ್ದರು. ಗಾಡಿಗೆ ಗಾಡಿ ಅಂಟಿಕೊಂಡು ನಿಂತ ಸಂದಣಿಯಲ್ಲಿ ಆ ಉಪಾಯಕ್ಕೆ ಬಸ್ಸು, ಆಟೋ, ಸ್ಕೂಟರುಗಳೆಲ್ಲ ಸೇರಿ ಒಂದೇ ಮುದ್ದೆಯಾಗಿ ಕಾಣುತ್ತಿದ್ದುವು. ಮೋಡದ ನೆರಳು ಹಾಯ್ದರೂ ಗಾಡಿಯೊಂದು ಹುಟ್ಟುತ್ತಿತ್ತು.

ಇಂದಿನ ವಿಧಾನ ಬೇರೆ. ಮನುಷ್ಯರು ಮೊದಲೇ ಚೌಕಟ್ಟು ಎಳೆದು, ಇದು ಬಸ್ಸು, ಇದು ಸೈಕಲ್ಲು ಎಂದು ಗುರುತಿಸಿಟ್ಟ ಸಾವಿರಾರು ಚಿತ್ರಗಳನ್ನು ಯಂತ್ರಕ್ಕೆ ತೋರಿಸುತ್ತಾರೆ; ಅದು ತಪ್ಪಿದಾಗಲೆಲ್ಲ ತನ್ನೊಳಗಿನ ಅಸಂಖ್ಯ ತೂಕಗಳನ್ನು ತಿಲಮಾತ್ರ ತಿದ್ದಿಕೊಳ್ಳುತ್ತ, ಕಡೆಗೆ ಎಂದೂ ಕಾಣದ ಚಿತ್ರದಲ್ಲಿಯೂ ಚೌಕಟ್ಟುಗಳನ್ನು ಎಳೆಯುವಂತಾಗುತ್ತದೆ. ಜೋಸೆಫ್ ರೆಡ್ಮನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಯೋಲೋ ಎಂಬ ಕ್ರಮವು, ಚಿತ್ರವನ್ನು ತುಂಡು ತುಂಡಾಗಿ ಮತ್ತೆ ಮತ್ತೆ ಶೋಧಿಸುವ ಬದಲು ಒಂದೇ ನೋಟದಲ್ಲಿ ಎಲ್ಲ ಚೌಕಟ್ಟುಗಳನ್ನೂ ಎಳೆಯುವ ದಾರಿಯನ್ನು ತೋರಿದುದರಿಂದ, ಓಡುವ ದೃಶ್ಯದ ವೇಗಕ್ಕೆ ಸಮನಾಗಿ ಗಾಡಿಗಳನ್ನು ಪತ್ತೆ ಹಚ್ಚುವುದು ಸಾಧ್ಯವಾಯಿತು.

ಯಂತ್ರವು ತಾನು ಕಲಿತುದನ್ನಷ್ಟೆ ಕಾಣಬಲ್ಲುದು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕೋಕೋ ಎಂಬ ಚಿತ್ರಸಂಗ್ರಹದ 80 ವರ್ಗಗಳಲ್ಲಿ ಕಾರುಂಟು, ಬಸ್ಸುಂಟು, ಜಿರಾಫೆಯೂ ಉಂಟು, ಆಟೋರಿಕ್ಷಾ ಇಲ್ಲ. ಅದನ್ನೇ ಓದಿ ಬಂದ ಯಂತ್ರವನ್ನು ಬೆಂಗಳೂರಿನ ಚೌಕದಲ್ಲಿ ಕೂರಿಸಿದರೆ, ಆಟೋವನ್ನು ಒಮ್ಮೆ ಕಾರೆಂದೂ ಮತ್ತೊಮ್ಮೆ ಲಾರಿಯೆಂದೂ ಕರೆಯಬೇಕಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಬೆಂಗಳೂರಿನ ಸೇಫ್ ಸಿಟಿ ಕ್ಯಾಮೆರಾಗಳ ಚಿತ್ರಗಳಿಂದ ಸಿದ್ಧಪಡಿಸಿ 2025ರಲ್ಲಿ ಬಿಡುಗಡೆ ಮಾಡಿದ ಸಂಗ್ರಹದಲ್ಲಿ ಆಟೋ, ಟೆಂಪೋ ಟ್ರಾವೆಲರ್ ಮೊದಲಾದುವನ್ನೊಳಗೊಂಡ 14 ವರ್ಗಗಳಿರುವುದಕ್ಕೆ ಈ ಕೊರತೆಯೇ ಕಾರಣ.

ಬಿಲ್ಲೆ ಅಂಟುವ ಬಗೆ

ಇಷ್ಟಾದರೂ ನಮ್ಮ ಕೈಯಲ್ಲಿರುವುದು, ಒಂದಕ್ಕೊಂದು ಸಂಬಂಧವಿಲ್ಲದ ಚೌಕಟ್ಟುಗಳ ರಾಶಿ. ಹಿಂದಿನ ಬಿಡಿಚಿತ್ರದ ಕೆಂಪು ಕಾರು ಈಗಿನ ಬಿಡಿಚಿತ್ರದ ಯಾವ ಚೌಕಟ್ಟಿನಲ್ಲಿದೆಯೆಂದು ಯಂತ್ರ ಅರಿಯದು. ಅದನ್ನು ಅರಿಯುವ ಉಪಾಯಕ್ಕೆ ಆಧಾರ, ಬಹಳ ಸರಳವಾದ ಒಂದು ಭೌತಿಕ ಸತ್ಯ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಎರಡು ಬಿಡಿಚಿತ್ರಗಳ ನಡುವಣ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದಲ್ಲಿ ಕೇವಲ 40 ಸೆಂಟಿಮೀಟರ್. ಕಾರಿನ ಉದ್ದ ಸುಮಾರು 4 ಮೀಟರ್. ಎಂದರೆ ಈಗಿನ ಚೌಕಟ್ಟು ಹಿಂದಿನ ಚೌಕಟ್ಟಿನ ಹತ್ತರಲ್ಲಿ ಒಂಬತ್ತು ಪಾಲನ್ನು ಹೊದ್ದುಕೊಂಡೇ ಇರುತ್ತದೆ. ಹೆಚ್ಚು ಹೊದಿಕೆಯಿರುವ ಚೌಕಟ್ಟು ಅದೇ ಗಾಡಿಯದು: ತಿರುವೆಣಿಕೆಯ ಶಾಸ್ತ್ರವೆಲ್ಲ ಈ ಒಂದು ಸೂತ್ರದ ಮೇಲೆ ನಿಂತಿದೆ. ಹಣದ ಉಳಿತಾಯಕ್ಕೆಂದು ಸೆಕೆಂಡಿಗೆ ಒಂದೇ ಬಿಡಿಚಿತ್ರವನ್ನು ಕಳುಹಿಸುವ ಕ್ಯಾಮೆರಾದಲ್ಲಿ ಗಾಡಿಗಳೆಲ್ಲ ಹತ್ತು ಮೀಟರ್ ಜಿಗಿದಿರುತ್ತವೆ. ಹೊದಿಕೆ ಶೂನ್ಯವಾಗಿ, ಮುಂದಿನ ಗಾಡಿ ನಿಂತಿದ್ದ ಜಾಗದಲ್ಲಿ ಹಿಂದಿನದು ಬಂದು ನಿಂತಿರುತ್ತದೆ. ರಸ್ತೆ ಎಷ್ಟು ತುಂಬಿದೆಯೆಂದು ಅಂಥ ಚಿತ್ರಗಳಿಂದ ಹೇಳಬಹುದು. ಯಾರು ಎಲ್ಲಿಗೆ ಹೋದರೆಂದು ಹೇಳಲಾಗದು.

ಸಂದಣಿಯಲ್ಲಿ ಒಂದೇ ಚೌಕಟ್ಟು ಹಿಂದಿನ ಎರಡನ್ನು ಅಷ್ಟಿಷ್ಟು ಹೊದ್ದಿರುವುದುಂಟು. ಆಗ ಒಬ್ಬೊಬ್ಬರಿಗೂ ಸರದಿಯಂತೆ ಅವರವರಿಗೆ ಅತ್ಯುತ್ತಮವಾದುದನ್ನು ಕೊಡುತ್ತ ಹೋದರೆ, ಕಡೆಯವನಿಗೆ ಪರರ ಪಾಲೇ ಗತಿಯಾಗುತ್ತದೆ. ಎಲ್ಲ ಜೋಡಿಗಳನ್ನೂ ಒಟ್ಟಾಗಿ ತೂಗಿ, ಒಟ್ಟು ಹೊದಿಕೆ ಅತ್ಯಧಿಕವಾಗುವಂತೆ ಹಂಚುವ ಕ್ರಮವನ್ನು ಹೆರಾಲ್ಡ್ ಕೂನ್ 1955ರಲ್ಲಿಯೇ ಪ್ರಕಟಿಸಿದ್ದನು. ತನಗೆ ಆಧಾರವಿತ್ತ ಹಂಗೆರಿಯ ಇಬ್ಬರು ಗಣಿತಜ್ಞರ ಗೌರವಾರ್ಥ ಅದನ್ನು ಹಂಗೇರಿಯನ್ ವಿಧಾನವೆಂದು ಕರೆದನು. ಕೆಲಸಗಳಿಗೆ ಆಳುಗಳನ್ನು ಹಂಚುವ ಸಮಸ್ಯೆಗಾಗಿ ರೂಪುಗೊಂಡ ಆ ಗಣಿತವೇ ಇಂದು ಬಿಲ್ಲೆಗಳಿಗೆ ಗಾಡಿಗಳನ್ನು ಹಂಚುತ್ತಿದೆ. ಹೀಗೆ ಒಂದೇ ಬಿಲ್ಲೆಯ ಸಂಖ್ಯೆಯನ್ನು ಹೊತ್ತು ಸಾಲುಗಟ್ಟಿದ ಚೌಕಟ್ಟುಗಳಿಗೆ ಜಾಡು ಎನ್ನೋಣ. ಪ್ರತಿ ರಸ್ತೆಯ ಬಾಯಿಗೂ ಕಾಲ್ಪನಿಕವಾದ ಒಂದು ಒಳಗೆರೆಯನ್ನೂ ಒಂದು ಹೊರಗೆರೆಯನ್ನೂ ಎಳೆದಿಟ್ಟು, ದಕ್ಷಿಣದ ಒಳಗೆರೆಯನ್ನೂ ಪೂರ್ವದ ಹೊರಗೆರೆಯನ್ನೂ ದಾಟಿದ ಜಾಡುಗಳನ್ನು ಎಣಿಸಿದರೆ ಬಲತಿರುವಿನ ಸಂಖ್ಯೆ ಸಿದ್ಧ.

ಬಸ್ಸಿನ ಮರೆಯಲ್ಲಿ

ಈಗ ಒಂದು ಸ್ಕೂಟರನ್ನು ಹತ್ತಿರದಿಂದ ಹಿಂಬಾಲಿಸೋಣ. ದಕ್ಷಿಣದ ಗೆರೆಯನ್ನು ದಾಟಿದೊಡನೆ ಅದಕ್ಕೆ 214 ಎಂಬ ಬಿಲ್ಲೆ ಅಂಟಿತೆಂದಿಟ್ಟುಕೊಳ್ಳಿ. ಮೂವತ್ತು ನಲವತ್ತು ಬಿಡಿಚಿತ್ರಗಳವರೆಗೆ ಎಲ್ಲವೂ ಸುಸೂತ್ರ. ಅನಂತರ ಕ್ಯಾಮೆರಾಕ್ಕೂ ಸ್ಕೂಟರಿಗೂ ನಡುವೆ ಬಿಎಂಟಿಸಿ ಬಸ್ಸೊಂದು ನುಗ್ಗಿ ಬರುತ್ತದೆ. ಎರಡು ಸೆಕೆಂಡು, ಅಂದರೆ 50 ಬಿಡಿಚಿತ್ರಗಳಲ್ಲಿ ಸ್ಕೂಟರಿನ ಸುಳಿವಿಲ್ಲ.

ಮರೆಯಾದ ವಸ್ತು ಈಗ ಎಲ್ಲಿರಬಹುದೆಂದು ಊಹಿಸಲು ಯಂತ್ರಕ್ಕೆ ನೆರವಾಗುವುದು, ಬುಡಾಪೆಸ್ಟಿನಲ್ಲಿ ಜನಿಸಿ ಅಮೆರಿಕೆಯಲ್ಲಿ ನೆಲೆಸಿದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ, ಚಂದ್ರಯಾನ ಕೈಗೊಂಡ ಅಪೊಲೊ ನೌಕೆಗಳ ಪಥನಿರ್ಣಯಕ್ಕೂ ಬಳಕೆಯಾದ ಗಣಿತ. ಇದುವರೆಗಿನ ಸ್ಥಾನ ಮತ್ತು ವೇಗಗಳಿಂದ ಮುಂದಿನ ಸ್ಥಾನವನ್ನು ಮೊದಲೇ ಊಹಿಸುವುದು. ಕಣ್ಣಿಗೆ ಕಂಡ ಸ್ಥಾನ ದೊರೆತಾಗ ಊಹೆಗೂ ನೋಟಕ್ಕೂ, ಅವುಗಳ ವಿಶ್ವಾಸಾರ್ಹತೆಗೆ ತಕ್ಕಂತೆ, ರಾಜಿ ಮಾಡುವುದು. ನೋಟವೇ ಇಲ್ಲದಾಗ ಊಹೆಯೊಂದನ್ನೇ ಹಿಡಿದು ಮುಂದುವರಿಯುವುದು. ಈ ಊಹೆಯನ್ನೂ ಹಂಗೇರಿಯನ್ ವಿಧಾನವನ್ನೂ ಬೆಸೆದು 2016ರಲ್ಲಿ ಹೊರಬಂದ ಸಾರ್ಟ್ ಎಂಬ ಕ್ರಮ ಅನೇಕ ವ್ಯವಸ್ಥೆಗಳಿಗೆ ಮಾದರಿಯಾಗಿದೆ.

ಆದರೆ ಅದರ ಊಹೆ, ಗಾಡಿಯು ಇದೇ ವೇಗದಲ್ಲಿ ಇದೇ ದಿಕ್ಕಿಗೆ ಸಾಗೀತೆಂಬುದು. ನಮ್ಮ ಸ್ಕೂಟರು ಬಸ್ಸಿನ ಮರೆಯಲ್ಲಿದ್ದಾಗಲೇ ಬಲಕ್ಕೆ ಹೊರಳಿತು. 214ನೆಯ ಬಿಲ್ಲೆ ಬಸ್ಸಿನ ಉತ್ತರದ ಅಂಚಿನಲ್ಲಿ ಸ್ಕೂಟರಿಗಾಗಿ ಕಾದು, ಯಾರೂ ಬಾರದಿರಲು ಅವಧಿ ಮುಗಿದು ರದ್ದಾಯಿತು; ಪೂರ್ವದ ಅಂಚಿನಲ್ಲಿ ಹಠಾತ್ತನೆ ಮೂಡಿದ ಸ್ಕೂಟರಿಗೆ 231 ಎಂಬ ಹೊಸ ಬಿಲ್ಲೆ ಅಂಟಿತು. ಮೊದಲ ಜಾಡಿಗೆ ನಿರ್ಗಮವಿಲ್ಲ, ಎರಡನೆಯದಕ್ಕೆ ಪ್ರವೇಶವಿಲ್ಲ. ತಿರುವು ಯಾವ ಮನೆಯಲ್ಲಿಯೂ ದಾಖಲಾಗಲಿಲ್ಲ. ಅದೇ ಬಸ್ಸಿನ ಮರೆಯಲ್ಲಿ ನೇರವಾಗಿ ಸಾಗಿದ ಮತ್ತೊಂದು ಸ್ಕೂಟರಿನ ಬಿಲ್ಲೆಯಾದರೋ ಊಹೆ ಸರಿಬಿದ್ದುದರಿಂದ ಉಳಿದುಕೊಂಡಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯಂತ್ರದ ಮರೆವು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಯಾರನ್ನು ಎಣಿಸುವ ಸಲುವಾಗಿ ಅದನ್ನು ಕಂಬದ ಮೇಲೆ ಏರಿಸಿದೆವೋ ಆ ತಿರುಗುವವರ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ತಿದ್ದದೆ ಬಿಟ್ಟರೆ ಕೋಷ್ಟಕವು ನೇರ ಸಂಚಾರದ ಪಕ್ಷಪಾತಿಯಾಗುತ್ತದೆ, ಬಲತಿರುವಿನ ಹಸಿರು ಅನ್ಯಾಯವಾಗಿ ಮೊಟಕಾಗುತ್ತದೆ.

ಪರಿಹಾರಗಳಿಲ್ಲದಿಲ್ಲ. ಗಾಡಿಯ ಬಣ್ಣ, ಆಕಾರಗಳ ಚಹರೆಯನ್ನೂ ಬಿಲ್ಲೆಯ ಜೊತೆ ನೆನಪಿಟ್ಟು, ಮರೆಯಿಂದ ಹೊರಬಂದುದು ಹಳೆಯದೇ ಎಂದು ಗುರುತಿಸಬಹುದು. ಹರಿದ ಜಾಡಿನ ಬಾಗನ್ನು ನೋಡಿ, ಬಲತಿರುವಿನ ಪೂರ್ಣ ಜಾಡುಗಳ ಬಾಗಿಗೆ ಅದು ಹೊಂದುವುದಾದರೆ ಅದೇ ಮನೆಗೆ ಸೇರಿಸಬಹುದು. 214ನ್ನೂ 231ನ್ನೂ ಬೇರೆ ಬೇರೆಯಾಗಿ ಸೇರಿಸಿ ಒಂದು ಸ್ಕೂಟರನ್ನು ಎರಡಾಗಿಸದಂತೆ ಮಾತ್ರ ಎಚ್ಚರ ವಹಿಸಬೇಕು. ಎಲ್ಲಕ್ಕಿಂತ ಮಿಗಿಲಾದುದು ಕ್ಯಾಮೆರಾದ ಎತ್ತರ: ಮೇಲಿನಿಂದ ನೋಡಿದಷ್ಟೂ ಬಸ್ಸಿನ ಮರೆ ಕುಗ್ಗುತ್ತದೆ.

ಬಿಲ್ಲೆ ಅದಲುಬದಲಾದರೆ

ಉದುರಿದ ಬಿಲ್ಲೆಗಿಂತ ಅದಲುಬದಲಾದ ಬಿಲ್ಲೆ ಅಪಾಯಕರ. ಸಿಗ್ನಲ್ ಇಲ್ಲದ ಚೌಕವೊಂದರಲ್ಲಿ ದಕ್ಷಿಣದಿಂದ ಉತ್ತರಕ್ಕೆ ಒಂದು ಆಟೋ, ಪಶ್ಚಿಮದಿಂದ ಪೂರ್ವಕ್ಕೆ ಮತ್ತೊಂದು ಆಟೋ ಸಾಗುತ್ತಿವೆ. ಎರಡೂ ಒಂದೇ ಬಣ್ಣ, ಒಂದೇ ಆಕಾರ. ನಡುವೆ ಇವೆರಡೂ ತೀರ ಸಮೀಪಿಸಿದಾಗ ಬಿಲ್ಲೆಗಳು ವಿನಿಮಯವಾದುವೆನ್ನಿ. ಯಂತ್ರವು ಒಂದನ್ನು ದಕ್ಷಿಣದಿಂದ ಪೂರ್ವಕ್ಕೆ ಬಲತಿರುವೆಂದೂ, ಇನ್ನೊಂದನ್ನು ಪಶ್ಚಿಮದಿಂದ ಉತ್ತರಕ್ಕೆ ಎಡತಿರುವೆಂದೂ ಬರೆದುಕೊಳ್ಳುತ್ತದೆ. ನಾಲ್ಕು ಬಾಗಿಲುಗಳ ಎಂಟು ಮೊತ್ತಗಳೂ ಸರಿ. ಗಾಡಿಗಳ ಒಟ್ಟು ಸರಿ. ಆಟೋಗಳ ಒಟ್ಟು ಸರಿ. ಕೋಷ್ಟಕದ ನಾಲ್ಕು ಮನೆಗಳು ಮಾತ್ರ ತಪ್ಪು. ಒಟ್ಟು ಎಣಿಕೆ ಮನುಷ್ಯರ ಎಣಿಕೆಗೆ ಹೊಂದಿತೆಂದು ವ್ಯವಸ್ಥೆಯೊಂದನ್ನು ಹೊಗಳುವುದು ಎಂಥ ಪೊಳ್ಳು ಪರೀಕ್ಷೆಯೆಂಬುದು ಇದರಿಂದ ವಿಶದವಾಗುತ್ತದೆ. ಹೋಲಿಸಬೇಕಾದುದು ಮನೆಗೆ ಮನೆಯನ್ನು, ಹದಿನೈದು ನಿಮಿಷಕ್ಕೆ ಹದಿನೈದು ನಿಮಿಷವನ್ನು.

ಕೋಷ್ಟಕಕ್ಕೊಂದು ಹೆಚ್ಚಿನ ಸಾಲು

ತಿರುವೆಣಿಕೆಯ ಸಮಸ್ಯೆಯನ್ನೇ ಪಣವಾಗಿಟ್ಟು ನಡೆದ ಸ್ಪರ್ಧೆಗಳುಂಟು. 2020ರ ಎಐ ಸಿಟಿ ಸ್ಪರ್ಧೆಯಲ್ಲಿ ಅಮೆರಿಕದ ಅಯೋವಾ ರಾಜ್ಯದ 20 ಕ್ಯಾಮೆರಾ ನೋಟಗಳನ್ನು ಕೊಟ್ಟು, ಚಲನೆವಾರು ಎಣಿಕೆಯ ನಿಖರತೆಯ ಜೊತೆಗೆ ವೇಗವನ್ನೂ ಅಳೆದರು. 2024ರಲ್ಲಿ ಬೆಂಗಳೂರಿನಲ್ಲಿ ನಡೆದ ಸ್ಪರ್ಧೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುತ್ತಣ ಉತ್ತರ ಭಾಗದ 23 ಕ್ಯಾಮೆರಾಗಳ ದೃಶ್ಯಗಳಿಂದ ತಿರುವುಗಳನ್ನು ಎಣಿಸುವುದಲ್ಲದೆ, ಮುಂದೆ ಬರಲಿರುವ ಸಂಚಾರವನ್ನು ಮುನ್ನುಡಿಯುವ ಹೊಣೆಯನ್ನೂ ಸ್ಪರ್ಧಿಗಳಿಗೆ ಹೊರಿಸಿದರು. ಒಳ್ಳೆಯದೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬಹುದು: ತಿರುವೆಣಿಕೆಗೆ ಗಾಡಿಯ ನಂಬರ್ ಪ್ಲೇಟು ಬೇಡ, ಸವಾರನ ಮುಖವೂ ಬೇಡ. 214 ಎಂಬುದು ಚೌಕದ ಆಚೆ ಅರ್ಥವಿಲ್ಲದ ಸಂಖ್ಯೆ. ಹೊರಗೆರೆ ದಾಟಿದೊಡನೆ ಅದನ್ನು ಅಳಿಸಿಹಾಕಿದರೆ ಲೆಕ್ಕಕ್ಕೆ ಏನೂ ಕುಂದಿಲ್ಲ.

ಅಳಿಸಬಾರದ ಲೆಕ್ಕವೊಂದಿದೆ. ಪ್ರವೇಶ ಕಂಡು ನಿರ್ಗಮ ಕಾಣದ ಜಾಡುಗಳೆಷ್ಟು, ನಿರ್ಗಮ ಕಂಡು ಪ್ರವೇಶ ಕಾಣದವೆಷ್ಟು ಎಂಬುದನ್ನು ಯಂತ್ರವು ತಾನೇ ಬಲ್ಲುದು. ಹನ್ನೆರಡು ಚಲನೆಗಳ ಕೆಳಗೆ ಹದಿಮೂರನೆಯ ಸಾಲಾಗಿ ಅದನ್ನು ಅಚ್ಚು ಮಾಡಿಸುವುದಕ್ಕೆ ಹೆಚ್ಚಿನ ವೆಚ್ಚವೂ ಇಲ್ಲ. ಆ ಸಾಲಿಲ್ಲದ ಕೋಷ್ಟಕವನ್ನು ಯಾವ ಎಂಜಿನಿಯರನೂ ಒಪ್ಪಬಾರದು. ಅಲ್ಲಿಯ ಸಂಖ್ಯೆ ಅಲ್ಪವಾಗಿದ್ದರೆ ಹಸಿರಿನ ಹೊತ್ತನ್ನು ಹಂಚಲು ಕುಳಿತುಕೊಳ್ಳಬಹುದು. ದೊಡ್ಡದಾಗಿದ್ದರೆ ಹಂಚಿಕೆಯನ್ನು ಅತ್ತ ಬದಿಗಿರಿಸಿ, ಮೊದಲು ಕ್ಯಾಮೆರಾವನ್ನು ಇನ್ನಷ್ಟು ಎತ್ತರಕ್ಕೆ ಏರಿಸಬೇಕು.